ಗೋಲಿ ಓಡುವ ನೆಲ, ಮೀನಿನ ತೊಟ್ಟಿ

ಸಾನ್ವಿ, ಚಿರಂತ್, ಮೊದಲು ನಿಮಗೆ ಬೇಕಾದ ಸುದ್ದಿ: ನಿಮ್ಮ ಏಳು ಮೀನೂ ಚೆನ್ನಾಗಿವೆ. ಇನ್ನು ನಾನು ಹೇಳಬೇಕಾದ ಸುದ್ದಿ. ಅದು ಇಪ್ಪತ್ತೆಂಟು ವರ್ಷ ತಡವಾಗಿದೆ.

ಚಾಮರಾಜನಗರದ ನಮ್ಮ ನಡುಮನೆಯಲ್ಲಿ ಗೋಲಿ ಇಟ್ಟರೆ ತಾನಾಗಿ ಮುಂಬಾಗಿಲಿಗೆ ಓಡುತ್ತದಲ್ಲ? ರಜೆಗೆ ಬಂದಾಗಲೆಲ್ಲ ರೇಸು ಬಿಡುತ್ತೀರಿ. ಗೋಲಿ ಹೊಸ್ತಿಲು ಮುಟ್ಟಿದ ಕೂಡಲೇ "ಗಾರೆ ಮಾದಪ್ಪಂಗೆ ಜೈ!" ಎಂದು ಕೂಗಿ ನಗುತ್ತೀರಿ. ಅದನ್ನು ಕಲಿಸಿದವರು ನಿಮ್ಮ ತಾತ. ಈ ನೆಲ ಹಾಕಿದ ಮಾದಪ್ಪನವರಿಗೆ ಮಟ್ಟ ನೋಡುವುದೇ ಗೊತ್ತಿಲ್ಲ ಎಂದು ಅವರು ಇರುವವರೆಗೂ ಹೇಳಿದರು. ಬಂದ ನೆಂಟರಿಗೆಲ್ಲ ಗೋಲಿ ಬಿಟ್ಟು ತೋರಿಸಿದರು.

ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. (ಎಷ್ಟು ಸಲ ಸೋಸಿದೆನೋ!)

ಹೋದ ಸೋಮವಾರ ಗುಂಡ್ಲುಪೇಟೆಯಿಂದ ನಿಮ್ಮ ತೊಟ್ಟಿ ಗೂಡ್ಸ್ ಆಟೋದಲ್ಲಿ ಬಂತು. ನಿಮ್ಮ ಹೊಸ ಬಾಡಿಗೆ ಮನೆಯ ಓನರ್‌ಗೆ ಮಹಡಿ ಮೇಲೆ ಅಷ್ಟು ನೀರಿನ ಭಾರ ಬೇಡವಂತೆ. ಸರಿ, ಅಜ್ಜಿ ಮನೆ ಇದೆಯಲ್ಲ. ಮೂರಡಿ ಗಾಜಿನ ತೊಟ್ಟಿ, ಕಬ್ಬಿಣದ ಸ್ಟ್ಯಾಂಡು, ಎರಡು ಬಕೆಟ್ಟಿನಲ್ಲಿ ಮೀನು.

ನಿಮ್ಮ ಮಹೇಶಮಾವ ಸ್ಟ್ಯಾಂಡನ್ನು ನಡುಮನೆಯ ಗೋಡೆಗೆ ಸೇರಿಸಿ, ತೊಟ್ಟಿ ಇಟ್ಟು, ಒಂದಿಷ್ಟು ನೀರು ಸುರಿದ. ಬಾಗಿಲ ಕಡೆ ಐದು ಬೆರಳು ನೀರು. ಒಳಗಿನ ಕಡೆ ನಾಲ್ಕೇ. ಮೀನಿನ ಅಂಗಡಿಯವರಿಗೆ ಫೋನ್ ಮಾಡಿದ. "ತುಂಬಿಸ್ಬೇಡಿ ಸಾರ್, ಭಾರ ಒಂದೇ ಕಡೆಗೆ ಬಿದ್ರೆ ಗ್ಲಾಸು ಬಿರುಕು ಬುಡ್ತದೆ" ಎಂದರು.

ಶುರುವಾಯಿತು ನೋಡಿ. ಬಾಗಿಲ ಕಡೆಯ ಕಾಲುಗಳಿಗೆ ಮೊದಲು ರಟ್ಟು ಕೊಟ್ಟ. ಭಾರಕ್ಕೆ ಅಪ್ಪಚ್ಚಿ. ಆಮೇಲೆ ಹಳೇ ಕ್ಯಾಲೆಂಡರ್ ಮಡಚಿಟ್ಟ. ನೀರು ಚೆಲ್ಲಿ ಅದು ಗಂಜಿಯಾಯಿತು. ಕೊನೆಗೆ ಹವಾಯಿ ಚಪ್ಪಲಿಯನ್ನು ಕುಯ್ದು ತುಂಡು ಮಾಡಿದ. (ಅದು ನನ್ನದು. ಕೇಳಲೂ ಇಲ್ಲ.) ರಬ್ಬರು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತಗ್ಗಿತು. ಎರಡು ದಿನವಾದರೂ ಮೀನುಗಳು ಬಕೆಟ್ಟಿನಲ್ಲೇ. ನೀವಂತೂ ದಿನಕ್ಕೆ ಮೂರು ಸಲ ಫೋನ್.

ಬುಧವಾರ ಬೆಳಿಗ್ಗೆ ಮಾವನಿಗೆ ರೇಗಿತು. "ಈ ನೆಲನೇ ಕಿತ್ತಾಕ್ಸಿ ಟೈಲ್ಸ್ ಹಾಕ್ಸ್ಬುಡ್ತೀನಿ ಕಣವ್ವ. ಆ ಮಾದಪ್ಪ ಅದ್ಯಾವ ಜನ್ಮದಲ್ಲಿ ಗಾರೆ ಕೆಲ್ಸ ಕಲ್ತಿದ್ನೋ!"

ಅವತ್ತು ನನ್ನ ಕೈಯಲ್ಲಿ ಕಾಫಿ ಸೋಸಲು ಆಗಲಿಲ್ಲ.

ಯಾಕೆ ಗೊತ್ತಾ? ಆ ನೆಲವನ್ನು ಇಳಿಜಾರು ಮಾಡಲು ಹೇಳಿದ್ದು ನಾನು.

ನಮ್ಮ ಹಳೇ ಮನೆಯ ನೆಲ ತಗ್ಗುದಿಣ್ಣೆ. ಹನ್ನೊಂದು ಜನ ಓಡಾಡುವ ನಡುಮನೆಯನ್ನು ತೊಳೆದರೆ ಅಲ್ಲಲ್ಲಿ ನೀರು ನಿಲ್ಲುತ್ತಿತ್ತು. ಬಗ್ಗಿ ಬಗ್ಗಿ ಬಟ್ಟೆ ಅದ್ದಿ ಹಿಂಡಬೇಕು. ನಿಮ್ಮಮ್ಮ ಹೊಟ್ಟೆಯಲ್ಲಿದ್ದಾಗಲೂ ಹಿಂಡಿದ್ದೇನೆ. ಹೊಸ ಮನೆಗೆ ಕೆಂಪು ಗಾರೆ ಹಾಕುವ ದಿನ ತಾತ ಸಂತೆಮರಹಳ್ಳಿಗೆ ಹೋಗಿದ್ದರು. ಹೊರಗಿನ ಗಂಡಸರ ಜೊತೆ ಮಾತಾಡದ ನಾನು ಬಾಗಿಲ ಮರೆಯಿಂದ ಕೇಳಿದೆ. "ಅಣ್ಣ, ಒಂದು ಚೊಂಬು ನೀರು ಸುರಿದ್ರೆ ತಾನಾಗೇ ಆಚೆ ಹೋಗಬೇಕು. ಹಂಗೆ ಮಾಡ್ಕೊಡ್ತೀರಾ?"

"ಬಾಗ್ಲ ಕಡೀಕೆ ವಾಟ ಕೊಡ್ತೀನಿ ಬುಡವ್ವ" ಎಂದರು ಮಾದಪ್ಪ. ನೀರು ಹರಿಯುವಷ್ಟು ಇಳಿಜಾರಿಗೆ ಗಾರೆಯವರು ವಾಟ ಎನ್ನುತ್ತಾರೆ.

ಮನೆ ಕಟ್ಟಿದ ಗಾರೆಯವರಿಗೂ ಬಡಗಿಗೂ ಗೃಹಪ್ರವೇಶದ ದಿನ ಪಂಚೆ ಶಲ್ಯ, ಎಲೆ ಅಡಿಕೆ ಕೊಟ್ಟು ಉಣಬಡಿಸುವುದು ನಮ್ಮ ಪದ್ಧತಿ. ಅವತ್ತು ನೆಂಟರೆಲ್ಲ ಕೂತಿದ್ದಾಗ ಹೊಸ ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಮುಚ್ಚಿದರೆ ಮತ್ತೆ ತೆರೆಯಿತು. ಯಾರೋ ನಕ್ಕರು. ನಿಮ್ಮ ತಾತನಿಗೆ ಅವಮಾನವಾಗಿಹೋಯಿತು. ಎಲ್ಲರ ಎದುರಿಗೆ ಮಾದಪ್ಪನವರಿಗೆ ಬಾಯಿಗೆ ಬಂದಂತೆ ಬೈದರು. ಅವರು ಒಂದು ಸಲ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. "ನಂದೇ ತಪ್ಪಾಯ್ತು ಬುಡಿ" ಎಂದು ಹೇಳಿ, ಊಟ ಮಾಡದೆ ಹೊರಟುಹೋದರು. ಬಡಗಿಗೆ ಪಂಚೆ ಸಿಕ್ಕಿತು. ಮಾದಪ್ಪನವರದು ತಟ್ಟೆಯಲ್ಲೇ ಉಳಿಯಿತು.

ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಮಾರನೇ ದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ವರ್ಷ ಬಿಟ್ಟು ಹೇಳಿದರೆ ವರ್ಷವೆಲ್ಲ ಏನು ಮಾಡುತ್ತಿದ್ದೆ ಎನ್ನುತ್ತಾರೆ. ಕುದೇರಿನಲ್ಲಿ ನನ್ನ ತಮ್ಮ ಮನೆ ಕಟ್ಟುವಾಗ ತಾತ "ಆ ಮಾದಪ್ಪನೊಬ್ಬನ್ನ ಬುಟ್ಟು ಯಾರನ್ನಾದ್ರೂ ಕರ್ಕೊ" ಎಂದರು. ಆಗಲೂ ಸುಮ್ಮನಿದ್ದೆ. ಸಣ್ಣ ಮಾತು ನೋಡಿ. ಬಾಯಲ್ಲಿ ಇಟ್ಟುಕೊಂಡಷ್ಟೂ ದೊಡ್ಡದಾಗುತ್ತದೆ. ಯಾರ ಮನೆಯಲ್ಲಿ ಇಂಥದ್ದೊಂದು ಇಲ್ಲ, ಹೇಳಿ?

ಹರದನಹಳ್ಳಿಯ ಮಾದಪ್ಪನವರ ನಂಬರ್ ನನ್ನ ಫೋನಿನಲ್ಲಿತ್ತು. ಎಷ್ಟೋ ವರ್ಷದಿಂದ ಇತ್ತು, ಒತ್ತಿರಲಿಲ್ಲ. ಬುಧವಾರ ಒತ್ತಿದೆ.

ಮಧ್ಯಾಹ್ನದ ಬಸ್ಸಿಗೆ ಬಂದೇ ಬಿಟ್ಟರು. ಎಪ್ಪತ್ತು ದಾಟಿದೆ, ಬೆನ್ನು ಬಾಗಿದೆ. ಚೀಲದಲ್ಲಿ ಕರಣೆ, ಮಟ್ಟ ನೋಡುವ ನೀರಿನ ಪೈಪು.

"ನೀವೇನಾ ಈ ನೆಲ ಹಾಕಿದ್ದು?" ಎಂದು ಮಹೇಶಮಾವ ಕೇಳಿದ.

"ಊ ಕಣಪ್ಪ, ನಾನೇಯ."

"ಆಗ ಈ ಪೈಪು ಇರ್ಲಿಲ್ವಾ ನಿಮ್ತಾವು?"

ಮಾದಪ್ಪ ಪೈಪಿನ ಸುರುಳಿ ಬಿಚ್ಚತೊಡಗಿದರು. ಈ ಸಲ ನನ್ನ ಕಡೆ ನೋಡಲೂ ಇಲ್ಲ. ಅದನ್ನು ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಚೊಂಬು ತುಂಬ ನೀರು ತಂದು ಒಳಗಿನ ಮೂಲೆಯಲ್ಲಿ ಸುರಿದೆ.

"ಅವ್ವ! ಏನ್ ಮಾಡ್ತಿದ್ದೀಯ?"

"ನೋಡ್ತಾ ಇರು ಮಗ."

ನೀರು ನಡುಮನೆ ದಾಟಿ, ಎಲ್ಲೂ ನಿಲ್ಲದೆ, ಹೊಸ್ತಿಲ ಪಕ್ಕದ ತೂತಿನಿಂದ ಆಚೆ ಹೋಯಿತು.

"ಕೆಲಸ ಬಾರದವರು ಮಾಡಿದ ನೆಲದಲ್ಲಿ ನೀರು ಅಲ್ಲಲ್ಲಿ ನಿಲ್ತದೆ. ಇಪ್ಪತ್ತೆಂಟು ವರ್ಷ ತೊಳೆದಿದ್ದೀನಿ, ಒಂದು ದಿನ ನಿಂತಿಲ್ಲ. ಹಿಂಗೆ ಮಾಡಿ ಅಂತ ಕೇಳಿದ್ದು ನಾನು. ಅವರು ನನ್ನ ಹೆಸರು ಹೇಳ್ಲಿಲ್ಲ, ಅಷ್ಟೇಯ."

ಮಾವ ಬಾಗಿಲವರೆಗೂ ಹೋಗಿ ನೀರಿನ ಜಾಡು ನೋಡಿ ಬಂದ. "ಅಪ್ಪಾಜಿಗೆ ಗೊತ್ತಿತ್ತಾ?"

"ಇಲ್ಲ."

"ಸಾಯೋಗಂಟ ಇವರ್ನ ಬೈದ್ರಲ್ಲವ್ವ!" ಎಂದ. ಆಮೇಲೆ ಮಾದಪ್ಪನವರ ಕಡೆ ತಿರುಗಿದ. "ನೀವಾದ್ರೂ ಯಾಕೆ ಹೇಳ್ಲಿಲ್ಲ?"

"ಎಂಗೇಳದು ಕಣಪ್ಪ? ಅವ್ವಾರು ಮನೇವ್ರನ್ನ ಕೇಳ್ದೆ ಗಾರೆಯವನ್ಗೆ ಏಳವ್ರೆ. ನಾನು ಬಾಯ್ ಬುಟ್ರೆ ಬೈಗುಳ ಇವರ್ಗೆ ಬೀಳದು. ನಾನಾದ್ರೆ ಸಂಜೀಕೆ ನಮ್ಮೂರ್ಗೆ ಓಯ್ತೀನಿ. ಇವರು ಇಲ್ಲೇ ಇರ್ಬೇಕಲ್ಲ?" ಎಂದವರೇ ನನ್ನ ಕಡೆ ತಿರುಗಿ ನಕ್ಕರು. "ಆದ್ರೂ ಅವ್ವ, ಮೀನು ಸಾಕ್ತೀವಿ ಅಂತ ಆವತ್ತೇ ಏಳಿದ್ರೆ ಈ ಮೂಲೆನಾದ್ರೂ ಮಟ್ಟ ಮಾಡ್ತಿದ್ನಲ್ಲ!"

ಮೂವರೂ ನಕ್ಕೆವು. ಎಷ್ಟು ಹಗುರವಾಯಿತು ಅಂತೀರಿ!

ಕೆಲಸಕ್ಕೆ ಅರ್ಧ ಗಂಟೆ. ತೊಟ್ಟಿಯ ನೀರು ಖಾಲಿ ಮಾಡಿಸಿ, ಕೆಳಗಿಳಿಸಿದರು. ಪೈಪಿನಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ನೋಡಿದರು. ಬಾಗಿಲ ಕಡೆಯ ಎರಡು ಕಾಲಿಗೆ ಕಡಪ ಕಲ್ಲಿನ ತೆಳು ಚೂರು ಕೊಟ್ಟರು. ಗಾಜಿನ ಕೆಳಗೆ ಥರ್ಮೋಕೋಲ್ ಹಾಸಿದರು. ತುಂಬಿಸಿದರೆ, ಎರಡೂ ಕಡೆ ನೀರು ಒಂದೇ ಗೆರೆ! ಸಂಜೆ ಮೀನು ಬಿಟ್ಟೆವು. ಟೈಲ್ಸ್ ಮಾತನ್ನು ಮಾವ ಮತ್ತೆ ಎತ್ತಿಲ್ಲ.

ಬೀರುವಿನಲ್ಲಿ ಒಂದು ಹೊಸ ಪಂಚೆ ಶಲ್ಯ ಇತ್ತು. ಎಲೆ ಅಡಿಕೆ ಇಟ್ಟು ಮಾದಪ್ಪನವರಿಗೆ ಕೊಟ್ಟೆ. ಬೇಡ ಅನ್ನಲಿಲ್ಲ. ಅದೇ ನಡುಮನೆಯಲ್ಲಿ ಕೂತು ಮುದ್ದೆ, ಅವರೆಕಾಳು ಸಾರು ಉಂಡರು. ಎರಡನೇ ಸಲ ಸಾರು ಹಾಕಿಸಿಕೊಂಡರು. ಬೀರುವಿನ ಬಾಗಿಲು ಎಂದಿನಂತೆ ತೆರೆದುಕೊಂಡೇ ಇತ್ತು.

ಮಕ್ಕಳೆ, ಮುಂದಿನ ರಜೆಯಲ್ಲೂ ಗೋಲಿ ಬಿಡಿ. ಮಾದಪ್ಪನವರಿಗೆ ಜೈ ಅಂತಲೂ ಕೂಗಿ, ಈ ಸಲ ಮನಸಾರೆ. ಆದರೆ ಈ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ. ಮುಂದೆ ಯಾರಾದರೂ ಈ ನೆಲದಲ್ಲಿ ಗೋಲಿ ಬಿಟ್ಟು "ಹಿಂಗೆ ಮಾಡ್ದೋರು ಯಾರು?" ಎಂದು ನಕ್ಕರೆ, ಉತ್ತರ ನನ್ನ ಕೈಬರಹದಲ್ಲೇ ಸಿಗಲಿ.