ಗಂಗಾಬಾಯಿ ಕಲಿತ ಮೊದಲ ಮಾತು

ದವಾಖಾನೆಯಲ್ಲಿ ಕಾಯುವುದೆಂದರೆ ನನಗೆ ಅಷ್ಟೇನೂ ಬೇಸರವಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಬಾಕಿನ ಮೇಲೆ ಕೂತವರನ್ನು ನೋಡುತ್ತ ಹೊತ್ತು ಕಳೆಯುವುದು ರೂಢಿ. ಮೊನ್ನೆ ಹೆಂಡತಿಯ ಎಡಗಣ್ಣು ತೋರಿಸಲು ಬಾಗಲಕೋಟೆಗೆ ಹೋಗಿದ್ದೆ. ಅವಳ ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂಡಲು ಹೇಳಿದ್ದರು. ಆಗ ನಮ್ಮ ಪಕ್ಕಕ್ಕೆ ಬಂದು ಕೂತ ಹೆಣ್ಣುಮಗಳೊಬ್ಬಳು ಒಂದು ಸಲವೂ ನೀರು ಕಾಣದ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಅದರ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಲವತ್ತು ವರ್ಷ ಹಿಂದೆ ಸರಿದು ಇಳಕಲ್ಲಿನ ನೀಲವ್ವನ ಮಗ್ಗದ ಮುಂದೆ ನಿಂತಿದ್ದೆ. ತಲೆ ತಗ್ಗಿಸಿಕೊಂಡು ನಿಂತಿದ್ದೆ ಎನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಲು ಮನಸ್ಸು ಬಾರದೆ ಹೋದೀತು.

ಎಂಬತ್ತರ ದಶಕದ ಆರಂಭದ ಮಾತಿದು. ಹುನಗುಂದದ ಹೈಸ್ಕೂಲೊಂದರಲ್ಲಿ ಇಂಗ್ಲಿಷು, ಇತಿಹಾಸ ಎರಡನ್ನೂ ಕಲಿಸುತ್ತಿದ್ದ ನನಗೆ ಒಂದು ವಿಚಿತ್ರ ಶಾಲೆಯಲ್ಲಿ ಮೂರು ತಿಂಗಳ ನೌಕರಿ ಸಿಕ್ಕಿತು. ಆ ಶಾಲೆಗೆ ಕಟ್ಟಡವಿರಲಿಲ್ಲ, ಗಂಟೆಯಿರಲಿಲ್ಲ, ತನ್ನದೆಂಬ ಊರೂ ಇರಲಿಲ್ಲ. ಒಂಬತ್ತು ದೇಶಗಳ ಹದಿನೇಳು ಹುಡುಗ ಹುಡುಗಿಯರು, ಇಬ್ಬರು ಶಿಕ್ಷಕಿಯರು, ಪುಸ್ತಕ ತುಂಬಿದ ಎರಡು ಟ್ರಂಕು, ಒಂದು ಬಾಡಿಗೆ ಬಸ್ಸು, ಅಷ್ಟೇ ಶಾಲೆ. ಮೂರು ತಿಂಗಳಿಗೊಂದು ದೇಶ. ಈ ಸಲ ಬಾದಾಮಿ, ಬಾಗಲಕೋಟೆ, ಇಳಕಲ್ಲಿನ ಪಾಳಿ. ಇತಿಹಾಸ ಕಲಿಸುವುದು, ನಮ್ಮವರ ಮಾತನ್ನು ಅವರಿಗೂ ಅವರ ಮಾತನ್ನು ನಮ್ಮವರಿಗೂ ದಾಟಿಸುವುದು ನನ್ನ ಕೆಲಸ. ನಮ್ಮ ಹೆಡ್‌ಮಾಸ್ತರರು ನನ್ನ ರಜೆ ಅರ್ಜಿ ಓದಿ ಗಾಬರಿಯಾದರು. "ಗ್ವಾಡಿ ಇಲ್ಲದ್ದು ಎಂಥಾ ಸಾಲಿಪಾ? ಹುಡುಗೂರು ಓಡಿ ಹೋದ್ರ ಹೆಂಗ ಗೊತ್ತಾಗತೈತಿ?"

ಯಾರೂ ಓಡಿ ಹೋಗಲಿಲ್ಲ. ಅದಕ್ಕೆ ಕಾರಣ ಶಾಲೆಯ ಮುಖ್ಯ ಶಿಕ್ಷಕಿ, ನಾರ್ವೆ ದೇಶದ ಇಂಗಾ. ಐವತ್ತು ದಾಟಿದ, ಬಾಗಿಲಿಗೆಲ್ಲ ತಲೆ ಬಗ್ಗಿಸಿಯೇ ಒಳಬರಬೇಕಾದ ಎತ್ತರದ ಹೆಂಗಸು. ಬಸ್ಸಿನ ಡ್ರೈವರು ಮೊದಲ ದಿನವೇ ಆಕೆಯನ್ನು ಗಂಗಾಬಾಯಿ ಮಾಡಿದ, ಆಕೆಯೂ ಓಗೊಡತೊಡಗಿದಳು. ಬಾದಾಮಿ ಗುಹೆಯಲ್ಲಿ ನನ್ನ ಮೊದಲ ಪಾಠ. ಚಾಲುಕ್ಯರ ವಂಶಾವಳಿ ಸಮೇತ ಇಪ್ಪತ್ತು ಪುಟದ ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ. ಮೂರನೆಯ ದೊರೆಗೆ ಬರುವಷ್ಟರಲ್ಲಿ ಹುಡುಗರು ಮಂಗಗಳನ್ನು ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಮಂಗಗಳೂ ಬೇಸತ್ತಿದ್ದವು. ಪಾಠ ಮುಗಿದ ಮೇಲೆ ಇಂಗಾ ಮೆಲ್ಲಗೆ ಕೇಳಿದಳು: "ಈ ಗುಹೆಯಿಂದ ಕೆತ್ತಿ ತೆಗೆದ ಕಲ್ಲೆಲ್ಲ ಎಲ್ಲಿಗೆ ಹೋಯಿತು?"

ಹನ್ನೆರಡು ವರ್ಷ ಅದೇ ಪಾಠ ಮಾಡಿದ್ದೆ. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಕೆಮ್ಮಿದೆ. "ಒಳ್ಳೆಯದಾಯಿತು, ನನಗೂ ಗೊತ್ತಿಲ್ಲ. ಇವತ್ತಿನ ಪಾಠ ಅದೇ" ಎಂದಳು ಆಕೆ. ಇಡೀ ದಿನ ಹುಡುಗರು ಅಳೆದರು, ಲೆಕ್ಕ ಹಾಕಿದರು, ಜಗಳಾಡಿದರು. ಕಡೆಗೆ ಗುಹೆಯ ಕಾವಲುಗಾರನನ್ನೇ ಕೇಳಿದರು. "ಎಲ್ಲಿ ಹೊಕ್ಕೈತ್ರಿ? ಇಲ್ಲೇ ಕೆರಿ ಒಡ್ಡಿಗೆ ಹಾಕಿರಬೇಕು. ಕಲ್ಲು ಹೊತಗೊಂಡು ದೂರ ಹೋಗಾಕ ಅವರೇನು ಹುಚ್ಚರೇನು?" ಎಂದ. ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿಯದು. ಆದರೆ ಹುಡುಗರು ಅದನ್ನು ಕಾವಲುಗಾರನ ಹೆಸರಿನ ಸಮೇತ ಬರೆದುಕೊಂಡದ್ದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಆ ಕಾವಲುಗಾರ ಬೆಳಗಿನಿಂದ ಹುಡುಗರ ಬೆನ್ನು ಹತ್ತಿದ್ದ. "ಮುಟ್ಟಬ್ಯಾಡ್ರಿ, ಹತ್ತಬ್ಯಾಡ್ರಿ, ಮಂಗ್ಯಾಗ ಶೇಂಗಾ ಕೊಡಬ್ಯಾಡ್ರಿ." ಸಂಜೆ ಇಂಗಾ ತನ್ನ ಪುಟ್ಟ ವಹಿ ಬಿಚ್ಚಿ, "ಈ ಬ್ಯಾಡ್ರಿ ಯಾರು? ಆತ ದಿನವಿಡೀ ಅವರನ್ನೇ ಕರೆಯುತ್ತಿದ್ದನಲ್ಲ" ಎಂದಳು. ನಾನು ನಕ್ಕು ಬಿಡಿಸಿ ಹೇಳಿದೆ: ಬ್ಯಾಡ ಎಂದರೆ ಕೂಡದು, ರಿ ಎಂದರೆ ಮರ್ಯಾದೆ. ಆಕೆಗೆ ಅದು ಬಹಳ ಹಿಡಿಸಿತು. "ಎಂಥ ಭಾಷೆ ನಿಮ್ಮದು! ಇಲ್ಲ ಅನ್ನುವಾಗಲೂ ಮರ್ಯಾದೆ ಬಿಡುವುದಿಲ್ಲ" ಎಂದು ಬರೆದುಕೊಂಡಳು. ಆಕೆ ಕಲಿತ ಮೊದಲ ಕನ್ನಡ ಅದು. ಕಲಿಸಿದ ಪುಣ್ಯಾತ್ಮ ನಾನೇ.

ಬಾದಾಮಿ ಮುಗಿಸಿ ಇಳಕಲ್ಲಿಗೆ ಬಂದೆವು. ಅಲ್ಲಿನ ಪಾಠ ಕೈಯಿಂದ ಕಲಿಯುವಂಥದು. ನನ್ನ ಗುರುತಿನ ನೇಕಾರಗಿತ್ತಿ ನೀಲವ್ವನ ಮನೆಗೆ ಆರು ಹುಡುಗಿಯರನ್ನು ಕರೆದೊಯ್ದೆ. ಇಳಕಲ್ ಸೀರೆಯ ಒಡಲಿನ ಎಳೆಗಳೇ ಬೇರೆ, ಸೆರಗಿನ ಕೆಂಪು ಎಳೆಗಳೇ ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಅಂಥ ಸಾವಿರಾರು ಕೊಂಡಿ. ಒಂದು ಸಡಿಲಾದರೂ ನೇಯುವಾಗ ಎಳೆ ಜಾರುತ್ತದೆ. ಹುಡುಗಿಯರು ನಾಲಗೆ ಕಚ್ಚಿಕೊಂಡು ಉತ್ಸಾಹದಿಂದ ಕೊಂಡಿ ಹಾಕುತ್ತಲೇ ಇದ್ದರು.

ಮೂರನೆಯ ದಿನ ನೀಲವ್ವ ಇಂಗಾಳ ಎದುರಿಗೇ ನನಗೆ ಹೇಳಿದಳು. "ಮಾಸ್ತರ, ಇವರಿಗೆ ತಿಳಿಸಿ ಹೇಳ್ರಿ. ಈ ಹುಡುಗ್ಯಾರು ಹಾಕಿದ್ದನ್ನೆಲ್ಲಾ ಅವರು ಹೋದ ಮ್ಯಾಲೆ ನಾ ಬಿಚ್ಚಿ ಮತ್ತ ಹಾಕ್ತೇನಿ. ಇದು ನನ್ನ ಮಗಳ ಕುಬಸದ ಸೀರಿ. ಚೊಚ್ಚಲ ಬಸುರಿ, ಇನ್ನ ಹದಿನೈದು ದಿವಸ ಉಳದೈತಿ. ಸಿಟ್ಟಾಗಬ್ಯಾಡ್ರಿ, ನಾಳಿಂದ ಬರಬ್ಯಾಡ್ರಿ, ಮಗ್ಗ ಮುಟ್ಟಬ್ಯಾಡ್ರಿ ಅಂತ ಹೇಳ್ರಿ." ಬಸುರಿ ಮಗಳಿಗೆ ತವರಿನವರು ಹೊಸ ಸೀರೆ ಉಡಿಸುವ ಕುಬಸ ಮುಂದೆ ಹಾಕುವ ಕಾರ್ಯವಲ್ಲ, ಅಷ್ಟು ನನಗೂ ಗೊತ್ತಿತ್ತು.

ಏನು ಹೇಳುತ್ತಿದ್ದಾಳೆ ಎಂದು ಇಂಗಾ ನನ್ನ ಮುಖ ನೋಡಿದಳು. ದೂರದಿಂದ ಬಂದವರ ಮನಸ್ಸು ನೋಯಿಸುವುದು ಹೇಗೆ? ಸಾಲದ್ದಕ್ಕೆ ಈ ಮನೆ ಆರಿಸಿದ ಜಾಣ ನಾನು. "ಮಕ್ಕಳ ಬೆರಳು ಬಹಳ ಚುರುಕಂತೆ, ಆಕೆಗೆ ತುಂಬ ಸಂತೋಷವಾಗಿದೆಯಂತೆ" ಎಂದುಬಿಟ್ಟೆ. ನೀಲವ್ವನ ಕಡೆ ತಿರುಗಿ, "ಹೇಳೇನ್ವಾ" ಎಂದೆ. ಇದು ನನ್ನ ಹಳೆಯ ಚಾಳಿ. ಮಗನ ಓದು ವಿಚಾರಿಸಲು ಬಂದ ಪಾಲಕರನ್ನೂ "ಶಾಣ್ಯಾ ಅದಾನ್ರಿ" ಎಂದೇ ಸಾಗಹಾಕುತ್ತಿದ್ದೆ. ಬ್ಯಾಡ ತೆಗೆದು ಬರೀ ರಿ ದಾಟಿಸುವ ವಿದ್ಯೆ ಅದು.

ಮರುದಿನ ಬೆಳಿಗ್ಗೆ ಇಂಗಾ ಬಸ್ಸಿನ ಮೆಟ್ಟಿಲ ಮೇಲೆ ವಹಿ ಹಿಡಿದು ಕೂತಿದ್ದಳು. "ನಿನ್ನೆ ಆಕೆ ಮೂರು ಸಲ ಬ್ಯಾಡ್ರಿ ಅಂದಳು. ನಿಮ್ಮ ಇಂಗ್ಲಿಷಿನಲ್ಲಿ ಒಂದೂ ಇರಲಿಲ್ಲ. ಆ ಮೂರೂ ಎಲ್ಲಿಗೆ ಹೋದವು?" ಗುಹೆಯ ಕಲ್ಲಿನ ಬಗ್ಗೆ ಕೇಳಿದ ಅದೇ ದನಿ. ಕೆಮ್ಮಲು ನೋಡಿದೆ, ಕೆಮ್ಮೂ ಬರಲಿಲ್ಲ. ಎಲ್ಲ ಹೇಳಿದೆ. ನೌಕರಿ ಹೋಯಿತು ಎಂದುಕೊಂಡೆ. ಆಕೆ ಬಯ್ಯಲಿಲ್ಲ. "ನಡೆಯಿರಿ, ಆಕೆಯ ಮನೆಗೆ ಹೋಗೋಣ. ಈ ಸಲ ಒಂದು ಮಾತನ್ನೂ ಚೆಂದ ಮಾಡಬೇಡಿ" ಎಂದಳು.

ಆರೂ ಹುಡುಗಿಯರ ಸಮೇತ ಬಂದ ನಮ್ಮನ್ನು ಕಂಡದ್ದೇ ನೀಲವ್ವ ಲಾಳಿ ಬಿಟ್ಟು ಎದ್ದಳು. "ಬರಬ್ಯಾಡ್ರಿ ಅಂದ್ರೂ ಬಂದ್ರಲ್ಲ! ಈ ಮಾಸ್ತರ ನಿಮಗ ಹೇಳಲಿಲ್ಲೇನು?" ನನ್ನ ಮೇಲಿನ ಆ ಪ್ರಶ್ನೆಯನ್ನು ನಾನೇ ಇಂಗ್ಲಿಷಿಗೆ ತಂದೆ. ಇಂಗಾಳ ಉತ್ತರವನ್ನೂ ನಾನೇ ಕನ್ನಡಕ್ಕೆ ತರಬೇಕಾಯಿತು: "ಹೇಳಲಿಲ್ಲ. ಸುಳ್ಳು ಹೇಳಿದರು. ಆದರೆ ತಪ್ಪು ನನ್ನದೂ ಇದೆ. ಆ ಸುಳ್ಳು ಕೇಳಲು ಹಿತವಾಗಿತ್ತು. ಅದಕ್ಕೇ ನಿನ್ನೆಯೇ ನಾನು ತಿರುಗಿ ಕೇಳಲಿಲ್ಲ." ಸುಳ್ಳು ಎನ್ನುವಲ್ಲಿ ನನ್ನ ನಾಲಗೆ ನಿಂತಿತು. ಆ ಮಾತು ಹೊರಬರುವವರೆಗೆ ಇಂಗಾ ಕಾದಳು. ತಮ್ಮ ವಿದ್ಯಾರ್ಥಿಗಳ ಮುಂದೆ ಹೆಡ್‌ಮಾಸ್ತರರೊಬ್ಬರು ತಪ್ಪು ನನ್ನದೂ ಇದೆ ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಶಿಕ್ಷಕಿ ಎಂದರೆ ಈಕೆ ಎಂದು ಅವತ್ತು ನನಗೆ ಅನಿಸಿತು. ಇವತ್ತಿಗೂ ಹಾಗೆಯೇ ಅನಿಸುತ್ತದೆ.

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಹಾಕೂದು ಬ್ಯಾಡ. ತಪ್ಪು ಹಾಕಿದ್ದನ್ನ ಎಳಿ ಹರೀಲಾರದಂಗ ಬಿಚ್ಚಾಕ ಕಲಸ್ತೇನಿ. ನನ್ನ ಅರ್ಧಾ ಹೊತ್ತು ಅದರಾಗ ಹೊಂಟೈತಿ. ಮಾಸ್ತರನೂ ಕೂಡ್ಲಿ." ಕೂತೆ. ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ ಎಂದು ಬೆರಳಿಗೆ ಗೊತ್ತಾಯಿತು. ಕುಬಸಕ್ಕೆ ಎರಡು ದಿನ ಮೊದಲು ಸೀರೆ ಮಗ್ಗದಿಂದ ಇಳಿಯಿತು. ನೀಲವ್ವ ಕರೆಯಲು ಬಂದಾಗ ನನ್ನತ್ತ ಓರೆನೋಟ ಬೀರಿ, "ಗಂಗಾಬಾಯಾರ, ನೀವು ಬರ್ರಿ. ಮಾಸ್ತರ ಬರಲಿಲ್ಲಂದ್ರೂ ನಮ್ಮ ಮಾತು ನಮಗ ತಿಳೀತಾವು" ಎಂದಳು. ಇಂಗಾಳಿಗೆ ಅದು ಖರೆಯೇ ತಿಳಿಯಿತು. ಬಿದ್ದು ಬಿದ್ದು ನಕ್ಕಳು.

ಶಾಲೆ ಮುಂದಿನ ದೇಶಕ್ಕೆ ಹೋಯಿತು, ನಾನು ಹುನಗುಂದಕ್ಕೆ ಮರಳಿದೆ. ಪಾಲಕರಿಗೆ "ನಿಮ್ಮ ಹುಡುಗಗ ಇಂಗ್ಲಿಷ್ ಬರೂದಿಲ್ರಿ, ತಪ್ಪು ನಂದೂ ಐತಿ" ಎನ್ನಲು ಕಲಿತೆ. ಆದರೆ ಮನೆಯಲ್ಲಿ ಹಳೆಯ ಚಾಳಿಯೇ ಉಳಿಯಿತು. ಅತ್ತೆಯವರ ಕೊನೆಯ ಬೇನೆಯಲ್ಲಿ ಡಾಕ್ಟರು ನನಗೆ ಹೇಳಿದ್ದನ್ನು ಚೆಂದ ಮಾಡಿ, "ಅವ್ವ ಆರಾಮ ಆಗ್ತಾರ" ಎಂದು ಹೆಂಡತಿಗೆ ಹೇಳಿದ್ದೆ. ಅವಳು ಕೆರೂರಿನ ತವರುಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಬಗ್ಗೆ ಅವಳು ನನಗೆ ಒಂದು ಮಾತೂ ಅಂದಿಲ್ಲ.

ಇಷ್ಟು ನೆನೆಯುವಾಗ ಒಳಗಿನಿಂದ ಕರೆದರು. ಹೊರರಾಜ್ಯದಿಂದ ಹೊಸದಾಗಿ ಬಂದ ಎಳೆಯ ಡಾಕ್ಟರು, ಕನ್ನಡ ಇನ್ನೂ ಬಾರದು. ಕಾಗದ ನೋಡಿ ಇಂಗ್ಲಿಷಿನಲ್ಲಿ ನನಗೆ ಹೇಳಿದರು. ಹೆಂಡತಿ ನನ್ನ ತೋಳು ಮುಟ್ಟಿ, "ಏನಂದ್ರು?" ಎಂದಳು.

ಏನಿಲ್ಲ, ಹನಿ ಹಾಕಿದ್ರ ಆರಾಮ ಆಗತೈತಿ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಎಡಗಣ್ಣು ಹೋಗೇತಿ. ತಿರುಗಿ ಬರೂದಿಲ್ಲಂತ. ಬಲಗಣ್ಣು ಉಳಿಸಿಕೊಳ್ಳಾಕ ದಿನಾ ಹನಿ ಹಾಕಬೇಕಂತ."

"ನನಗ ಗೊತ್ತಿತ್ರಿ. ಮೂರು ತಿಂಗಳಾತು, ಆ ಕಣ್ಣಾಗ ಬೆಳಕೇ ಇಲ್ಲ. ನೀವು ಹೇಳ್ತೀರೋ ಇಲ್ಲೋ ಅಂತ ನೋಡ್ತಿದ್ದೆ" ಎಂದಳು ಅವಳು.

ಹೊರಗೆ ಮೆಟ್ಟಿಲು ಇಳಿಯುವಾಗ ಎಂದಿನಂತೆ ಬಲಕ್ಕೆ ನಿಂತು ಅವಳ ಕೈ ಹಿಡಿಯಲು ಹೋದೆ. "ಆ ಕಡಿ ನನಗ ಕಾಣಸ್ತೈತಿ. ಈ ಕಡಿ ಬರ್ರಿ" ಎಂದಳು. ನಾನು ಸುತ್ತು ಹಾಕಿ ಅವಳ ಎಡಕ್ಕೆ ಬಂದೆ.