ಬೆರಳಿಗೆ ಸಿಗುವಷ್ಟು ಆಳ

ಎರಡು ಸಾವಿರದ ದಶಕದ ಮಧ್ಯಭಾಗದಲ್ಲಿ ನಾನು ಜಯನಗರ ನಾಲ್ಕನೇ ಬ್ಲಾಕಿನ ಒಂದು ನಾಮಫಲಕದ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುತ್ತಿದ್ದೆ. ನಮ್ಮ ಮಾಲೀಕರು ಹರೆಯದಲ್ಲಿ ಉಳಿ ಹಿಡಿದು ಹಿತ್ತಾಳೆ, ಮರ ಎಲ್ಲವನ್ನೂ ಕೈಯಲ್ಲೇ ಕೆತ್ತಿದವರು. ಕೈ ನಡುಗತೊಡಗಿದ ಮೇಲೆ ಲೇಸರ್ ಕೆತ್ತನೆಯ ಯಂತ್ರ ತರಿಸಿದರು. ಅದನ್ನು ಜೋಡಿಸಲು ಬಂದಾತ ಅರ್ಧ ದಿನ ಹೇಳಿಕೊಟ್ಟು, ಯಾವ ವಸ್ತುವಿಗೆ ಎಷ್ಟು ಪವರ್, ಎಷ್ಟು ಸ್ಪೀಡ್ ಎಂಬ ಹಾಳೆಯೊಂದನ್ನು ಕೊಟ್ಟು ಹೋದ. ಕಿರಣದ ಶಕ್ತಿ ಹೆಚ್ಚಿದಷ್ಟೂ, ಅದರ ಓಟ ನಿಧಾನವಾದಷ್ಟೂ ಕೆತ್ತನೆ ಆಳಕ್ಕೆ ಇಳಿಯುತ್ತದೆ. ಲೆಕ್ಕ ಇಷ್ಟೇ ಎಂದುಕೊಂಡಿದ್ದೆ. ಆದರೆ ಹಾಳೆಯಲ್ಲಿ ಎಲ್ಲ ಬಗೆಯ ಮರಕ್ಕೂ ಸೇರಿಸಿ ಒಂದೇ ಸಾಲಿತ್ತು. ಆ ಅಂಕಿಗಳನ್ನು ಹಾಕಿದರೆ ನಮ್ಮ ತೇಗದ ಮೇಲೆ ಚಹಾ ಚೆಲ್ಲಿದಂಥ ಕಲೆ ಮಾತ್ರ ಬೀಳುತ್ತಿತ್ತು.

ಆ ವಾರವೇ ಒಬ್ಬ ನಿವೃತ್ತ ಮೇಷ್ಟ್ರಮ್ಮ ಆಟೋದಲ್ಲಿ ಬಂದಿಳಿದರು. ಕಣ್ಣು ಕಾಣುತ್ತಿರಲಿಲ್ಲ. ಡ್ರೈವರೇ ಕೈಹಿಡಿದು ಕೌಂಟರಿನವರೆಗೆ ಕರೆತಂದ.

"ಹನುಮಂತನಗರದ ಮನೆ ಬಿಟ್ಟು ಜೆ.ಪಿ. ನಗರದ ಅಪಾರ್ಟ್‌ಮೆಂಟಿಗೆ ಬಂದಿದೀನಮ್ಮ," ಎಂದರು. "ಒಂದು ಫ್ಲೋರಲ್ಲಿ ಆರು ಬಾಗ್ಲು, ಆರೂ ಒಂದೇ ಥರ. ಮೊನ್ನೆ ಪಕ್ಕದವ್ರ ಬಾಗ್ಲಿಗೆ ಬೀಗದ ಕೈ ಹಾಕ್ಬಿಟ್ಟೆ. ಒಳಗಿಂದ ಯಾರು ಅಂದ್ರು. ನನ್ನ ಮನೇಲಿ ನೀವ್ಯಾರು ಅಂತ ನಾನೇ ಜಗಳಕ್ಕೆ ನಿಂತೆ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

"ಮೂವತ್ತು ವರ್ಷ ಕನ್ನಡ ಪಾಠ ಮಾಡಿದೀನಿ. ಕಣ್ಣು ಹೋಗಿದ್ದು ಆಮೇಲೆ. ಬ್ರೈಲ್ ನಂಗೆ ಬರಲ್ಲ, ಅಕ್ಷರ ಬರತ್ತೆ. ನನ್ನ ಹೆಸ್ರು ಬೆರಳಿಗೆ ಸಿಗೋ ಹಾಗೆ ಬರ್ಕೊಡು."

ಅವರು ಹೋದದ್ದೇ ತಡ, ತೇಗದ ಚೂರೊಂದರ ಮೇಲೆ ಸಣ್ಣ ಸಣ್ಣ ಚೌಕಗಳನ್ನು ಸುಡಲು ಕೂತೆ. ಅಡ್ಡಕ್ಕೆ ಪವರ್ ಏರುತ್ತಿತ್ತು, ಉದ್ದಕ್ಕೆ ಸ್ಪೀಡ್ ಇಳಿಯುತ್ತಿತ್ತು. ತಿಳಿ ಕಂದು ಬಣ್ಣದಿಂದ ಕಪ್ಪಿನವರೆಗೆ ಬಣ್ಣಗಳು ಸಾಲಾಗಿ ಮೂಡಿದ್ದನ್ನು ನೋಡಿ ಊಟ ಮರೆತೆ. ಎಲ್ಲಕ್ಕಿಂತ ಆಳವಾದ ಚೌಕದ ಅಂಕಿಗಳನ್ನು ಹಾಕಿ ಅವರ ಹೆಸರು ಕೆತ್ತಿದೆ. ಗೆದ್ದೆ ಎಂದುಕೊಂಡೆ.

ಎರಡು ದಿನ ಬಿಟ್ಟು ಬಂದ ಮೇಷ್ಟ್ರಮ್ಮ ಬೆರಳಾಡಿಸಿ ತಲೆ ಅಲ್ಲಾಡಿಸಿದರು. "ಬೆರಳು ಹಳ್ಳಕ್ಕೆ ಬೀಳತ್ತೆ, ಅಕ್ಷರ ಸಿಗಲ್ಲ. ಕಣ್ಣು ಮುಚ್ಕೊಂಡು ನೀನೇ ನೋಡು."

ಕಣ್ಣು ಮುಚ್ಚಿ ಮುಟ್ಟಿದೆ. ಮಕಾರ ಯಾವುದು, ಯಕಾರ ಯಾವುದು ಎಂದು ನನಗೂ ತಿಳಿಯಲಿಲ್ಲ.

"ಹಲಗೆ ಮೇಲೆ ಶಾವಿಗೆ ಎಳೆ ಅಂಟಿಸಿದ ಹಾಗಿರ್ಬೇಕಮ್ಮ," ಎಂದರು.

ಆಗ ಹೊಳೆಯಿತು. ಅಕ್ಷರವನ್ನು ಸುಡಬೇಕಾಗಿರಲಿಲ್ಲ. ಅಕ್ಷರವನ್ನು ಬಿಟ್ಟು ಸುತ್ತಲಿನ ಮರವನ್ನೆಲ್ಲ ಸುಡಬೇಕಿತ್ತು. ಅವರನ್ನು ಆಟೋ ಹತ್ತಿಸಿ ಬಂದವಳೇ ಪೂರ್ತಿ ಪವರ್ ಹಾಕಿ ಯಂತ್ರವನ್ನು ನಿಧಾನವಾಗಿ ಓಡಿಸಿದೆ. ಹಲಗೆ ತಳಹಿಡಿದ ಪಾತ್ರೆಯಂತಾಯಿತು. ಒತ್ತಕ್ಷರವೊಂದು ಸುಟ್ಟು ಉದುರಿಯೇ ಹೋಯಿತು.

ಮಾಲೀಕರು ಅದನ್ನು ಕೈಗೆತ್ತಿಕೊಂಡು ನೋಡಿದರು. ಬಯ್ಯಲಿಲ್ಲ. "ಉಳಿ ಹಿಡಿದಾಗ ಒಂದೇ ಏಟಿಗೆ ಇಷ್ಟು ಇಳಿಸ್ತೀವಾ? ಸ್ವಲ್ಪ ಸ್ವಲ್ಪ ತೆಗೀತೀವಿ," ಎಂದರು.

ಆ ಒಂದು ಮಾತು ಸಾಕಾಯಿತು. ಪವರ್ ನೂರರಿಂದ ಅರವತ್ತಕ್ಕೆ ಇಳಿಸಿದೆ, ಸ್ಪೀಡ್ ನಲವತ್ತೈದಕ್ಕೆ ಏರಿಸಿದೆ. ಹೊಸ ಹಲಗೆ ಕೂದಲೆಳೆಯಷ್ಟೂ ಜರುಗದಂತೆ ನಾಲ್ಕೂ ಕಡೆ ಟೇಪು ಹಚ್ಚಿದೆ. ಒಂದು ಸುತ್ತು ಮುಗಿದ ಮೇಲೆ ಹಳೆಯ ಟೂತ್‌ಬ್ರಷ್‌ನಿಂದ ಮಸಿಯನ್ನು ಮೆಲ್ಲಗೆ ಉಜ್ಜಿ ತೆಗೆದೆ. ಎರಡನೆಯ ಸುತ್ತಿಗೆ ಅಕ್ಷರಗಳು ತಲೆಯೆತ್ತಿದವು. ಮೂರನೆಯ ಸುತ್ತಿನಲ್ಲಿ ಯಂತ್ರದ ಗಾಜಿನ ಮುಚ್ಚಳಕ್ಕೆ ಮೂಗು ತಾಗಿಸಿಕೊಂಡೇ ನಿಂತಿದ್ದೆ. ಅದು ನಿಂತಾಗ ಅಕ್ಷರಗಳು ಉಗುರಿನ ದಪ್ಪದಷ್ಟು ಮೇಲೆದ್ದಿದ್ದವು, ಅಂಚು ಎಲ್ಲೂ ಕರಕಲಾಗಿರಲಿಲ್ಲ. "ಸಾರ್, ಬಂತು," ಎಂದೆ.

ಮರುದಿನ ಮೇಷ್ಟ್ರಮ್ಮ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಓದಿದರು. ಕೊನೆಯ ಅಕ್ಷರದ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು. ಆಮೇಲೆ, "ಹತ್ತಕ್ಕೆ ಒಂಬತ್ತು," ಎಂದರು.

"ಒಂದು ಯಾಕೆ ಕಟ್ ಮಾಡಿದ್ರಿ ಮೇಡಂ?"

"ಒತ್ತು ಇನ್ನೂ ಸ್ವಲ್ಪ ದಪ್ಪ ಇರ್ಬೇಕಿತ್ತು."

"ಇನ್ನೊಂದು ಮಾಡ್ಕೊಡ್ಲಾ?"

"ಬೇಡ. ನನ್ನ ಹೆಸ್ರು ನಾನು ಹೇಗೋ ಓದ್ಕೋತೀನಿ. ಮುಂದಿನವ್ರಿಗೆ ಸರಿಯಾಗಿ ಮಾಡು."

ವಾರದ ನಂತರ ಅಂಗಡಿಗೆ ಅವರ ಫೋನು ಬಂತು. ಅವರ ಫ್ಲೋರಿನ ಉಳಿದ ಐದು ಮನೆಯವರೂ ಅಂಥದೇ ಫಲಕ ಕೇಳುತ್ತಿದ್ದರು. ಇನ್ನು ಕಾಫಿಗೆ ಯಾರ ಮನೆಗೆ ಬೇಕಾದರೂ ತಾವೊಬ್ಬರೇ ಹೋಗಬಹುದು ಎಂದು ಹೇಳುವಾಗ ಅವರ ದನಿಯಲ್ಲಿ ಹುಡುಗಾಟವಿತ್ತು. ನಾಲ್ಕು ಮನೆಯವರು ತೇಗವನ್ನೇ ಆರಿಸಿದರು. ಐದನೆಯವರು ಹೊನ್ನೆ ಮರದ ಹಲಗೆಯನ್ನು ತಾವೇ ತಂದುಕೊಟ್ಟರು. ತೇಗದ ಅಂಕಿಗಳು ಅದಕ್ಕೆ ಒಗ್ಗುತ್ತವೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಮಾಲೀಕರು ಶಟರ್ ಎತ್ತಲು ಬರುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ.