ದಿನಾ ಒರೆಸಿದ ಆಲಿಕೆ

ಜೌಗು ನೆಲದ ಕಾವಲುಗಾರನ ಕೈಗೆ ಸಿಕ್ಕ ಪಾತ್ರೆ ಹೊಳೆಯದೆ ಕೆಳಗಿಳಿದದ್ದೇ ಇಲ್ಲ. ಕೊಳೆ ನೀರನ್ನು ಹಗೆಗೂ ಕೊಡಬಾರದೆಂದು ತಾಯಿ ಕಲಿಸಿದ್ದಳು. ಆ ಶುಚಿಯೇ ಅವನಿಗೆ ಮುಳುವಾಯಿತು.

ಜೌಗಿನ ನಡುವೆ ಕಂಬದ ಮೇಲೊಂದು ಸೀಸೆ, ಅದರ ಬಾಯಿಗೆ ಅಗಲವಾದ ಆಲಿಕೆ. ಮೇಲಿಂದ ಬಿದ್ದ ಮಳೆ, ದೂಳು ಎಲ್ಲ ಅದರಲ್ಲಿ ಕೂಡಬೇಕು. ಸೋಮವಾರ ಸೋಮವಾರ ಅದನ್ನಿಳಿಸಿ ಪ್ರಯೋಗಾಲಯಕ್ಕೆ ಕಳಿಸುತ್ತ ಹನ್ನೊಂದು ವರ್ಷ ಸವೆಸಿದ್ದ.

ಜೌಗು ಬಡತನದಲ್ಲೇ ಬಾಳುವ ನೆಲ. ಸಾರವಿಲ್ಲದ ನೀರಲ್ಲೇ ಅದರ ಪಾಚಿ, ನೊಣ ಹಿಡಿದು ಹೊಟ್ಟೆ ಹೊರೆಯುವ ಅದರ ಪುಟ್ಟ ಕೆಂಪು ಗಿಡ. ಗುಡ್ಡದಾಚೆಯ ಕಾರ್ಖಾನೆಯ ಹೊಗೆ ಈಗ ಬೇಡದ ಗೊಬ್ಬರವಾಗಿ ಸುರಿದು, ಒರಟು ಹುಲ್ಲು ಎದೆಮಟ್ಟ ಕೊಬ್ಬಿ ಅವನ್ನೆಲ್ಲ ನುಂಗುತ್ತಿತ್ತು. ಕಾವಲುಗಾರ ಕಣ್ಣಾರೆ ಕಂಡು ಬರೆದೂ ಕಳಿಸಿದ್ದ. ಸೀಸೆಗಳು ಮಾತ್ರ ಗಾಳಿ ಚೊಕ್ಕವಾಗಿದೆ ಎನ್ನುತ್ತಿದ್ದವು. ಚಿಮಣಿಗೆ ಮೂಗುದಾರ ಹಾಕಬೇಕೋ ಬೇಡವೋ ಎಂಬುದು ಆ ಸೀಸೆಗಳ ಮೇಲೇ ನಿಂತಿತ್ತು.

ಕೊನೆಗೆ ಪ್ರಯೋಗಾಲಯದ ಮೇಡಂ ತಾವೇ ಬಂದರು. ಅವರ ಎದುರೇ ಅವನು ಹೆಗಲ ಬಟ್ಟೆ ತೆಗೆದು ಆಲಿಕೆಗೆ ಅಂಟಿದ ಮಸಿಯನ್ನು ನೀಟಾಗಿ ಒರೆಸಿದ.

"ದಿನಾ ಒರೆಸ್ತೀರಾ?"

"ದಿನಾ ಬೆಳಿಗ್ಗೆ, ಮೇಡಂ. ಒಂದು ದಿನಾನೂ ತಪ್ಪಿಸಿಲ್ಲ," ಎಂದ, ಹೆಮ್ಮೆಯಿಂದಲೇ.

ಮೇಡಂ ಕಂಬಕ್ಕೆ ಕೈಯಾನಿಸಿ ನಿಂತುಬಿಟ್ಟರು. ತಮಗೆ ಬೇಕಿದ್ದದ್ದು ಆ ಮಸಿಯೇ, ಮಳೆಯಲ್ಲಿ ತೊಳೆದು ಅದು ಸೀಸೆಗೇ ಇಳಿಯಬೇಕಿತ್ತು, ಹೇಳಿಕೊಡದೆ ಹೋದದ್ದು ತಮ್ಮವರ ತಪ್ಪು ಎಂದು ಮೆಲ್ಲಗೆ ಹೇಳಿದರು. ಅವನ ಕಾಲಡಿಯ ನೆಲ ಮೊದಲೇ ಮೆತ್ತಗಿತ್ತು.

ಮನೆಯಲ್ಲಿ ಚಹಾ ಕೊಡುತ್ತ ಅವನ ಹೆಂಡತಿ ಬಾಯಿ ಹಾಕಿದಳು. "ಹನ್ನೊಂದು ವರ್ಷ ಆ ಕರೀ ಬಟ್ಟೆ ಒಗೆದೋಳು ನಾನು. ನನ್ನ ಕೇಳಬಾರದಾಗಿತ್ತಾ? ನಿಮ್ಮ ಸೀಸೆ ಸುಳ್ಳು ಹೇಳಬಹುದು, ನನ್ನ ರಟ್ಟೆ ಹೇಳಲ್ಲ."

ಮೇಡಂ ನಕ್ಕರು. ಆದರೆ ರಟ್ಟೆಯ ಸಾಕ್ಷಿಯನ್ನು ಯಾವ ಕಚೇರಿ ಒಪ್ಪೀತು? ಹಳೆಯ ಅಳತೆಗಳನ್ನೆಲ್ಲ ಹೊಡೆದುಹಾಕಿ ಇನ್ನು ಮೂರು ವರ್ಷ ಹೊಸದಾಗಿ ಅಳೆಯಬೇಕಂತೆ.

"ಆ ಕೆಂಪು ಗಿಡ ಮೂರು ವರ್ಷ ತಡೆಯುತ್ತಾ, ಮೇಡಂ?"

ಅವರು ಲೋಟ ಕೆಳಗಿಟ್ಟು, ಹೊಸ ಸೀಸೆಯೊಂದರ ಮೇಲೆ ಆ ದಿನದ ತಾರೀಖು ಬರೆದರು.

ಮರುದಿನ ಬೆಳಿಗ್ಗೆ ಆಲಿಕೆಯ ಮೇಲೆ ಹೊಸ ಮಸಿ ಕೂತಿತ್ತು. ಕೈ ತಾನಾಗಿ ಹೆಗಲಿಗೆ ಹೋಯಿತು; ಬಟ್ಟೆ ಇರಲಿಲ್ಲ, ಹೆಂಡತಿ ಬಚ್ಚಿಟ್ಟಿದ್ದಳು. ಆಮೇಲೆ ಸೊಂಟ ಹಿಡಿದುಕೊಂಡು ಬಗ್ಗಿ, ಕಂಬದ ಬುಡದ ಒಂದು ಕೆಂಪು ಗಿಡದ ಸುತ್ತಲ ಹುಲ್ಲನ್ನು ಒಂದೊಂದೇ ಎಳೆ ಕೀಳತೊಡಗಿದ. ಕೈಗೆ ಏನಾದರೂ ಕೆಲಸ ಬೇಕಿತ್ತು.